ಖಾರ ಐತ್ರಿ, ನೋಡ್ಕೊಂಡು ತಿನ್ರಿ

ಬಳ್ಳಾರಿಯಲ್ಲಿ ಸಂಜೆ ಐದರ ಮೇಲೆ ಮಿರ್ಚಿ ಬಂಡಿ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರ್ ಎಲ್ಲಿದೆ ನೋಡಿಕೊಂಡರೆ ಸಾಕು. ಕಂಬಕ್ಕೆ ಬಿಗಿದ ತಗಡಿನ ಮೇಲೆ ಒಂದು ಬುರುಡೆ, ಬುರುಡೆಯ ಕೆಳಗೆ ಅಡ್ಡಡ್ಡ ಎರಡು ಎಲುಬು, ಕೆಂಪಕ್ಷರದಲ್ಲಿ ‘ಅಪಾಯ, 11,000 ವೋಲ್ಟ್ಸ್’. ಅದರ ಬುಡದಲ್ಲೇ ಬಂಡಿ, ಬಂಡಿಯ ಮೇಲೆ ಬಾಣಲೆ, ಬಾಣಲೆಯ ಸುತ್ತ ನಾವು. ಜಾಗ ಸಾಲದವರು ಟ್ರಾನ್ಸ್‌ಫಾರ್ಮರಿನ ಬೇಲಿಗೇ ಒರಗಿ ಒಗ್ಗರಣೆ ಮಂಡಕ್ಕಿ ತಿನ್ನುತ್ತಾರೆ. ಬುರುಡೆ ಹಲ್ಲು ಕಿರಿದುಕೊಂಡು ನೋಡುತ್ತಿರುತ್ತದೆ. ದಿನಾ ನೋಡಿ ನೋಡಿ ಎಷ್ಟು ಸಲಿಗೆಯಾಗಿದೆ ಅಂದರೆ, ಅದಕ್ಕೂ ಒಂದು ಪ್ಲೇಟ್ ಹೇಳಬೇಕಿತ್ತೇನೋ ಅನ್ನಿಸುತ್ತದೆ.

ಅದೇ ಬಂಡಿಯವನು ಜಾಲರಿ ಸೌಟು ಎತ್ತಿ “ಎಣ್ಣಿ ಸಿಡಿತೈತ್ರಿ, ಸರೀರಿ” ಅಂದನೋ, ಇಡೀ ಗುಂಪು ಎರಡು ಹೆಜ್ಜೆ ಹಿಂದಕ್ಕೆ! 11,000 ವೋಲ್ಟಿಗೆ ಅಲುಗದ ಜನ ಒಂದು ಹನಿ ಎಣ್ಣೆಗೆ ಅಲುಗುತ್ತಾರೆ. ವೋಲ್ಟು ಸಿಡಿದದ್ದನ್ನು ನಾವು ಯಾರೂ ಕಂಡಿಲ್ಲ. ಎಣ್ಣೆ ಎಲ್ಲರ ಮುಂಗೈ ಮೇಲೂ ಒಂದಲ್ಲ ಒಂದು ದಿನ ಸಹಿ ಹಾಕಿದೆ.

ಅವನ ಬಾಯಲ್ಲಿ ಇನ್ನೊಂದು ಎಚ್ಚರಿಕೆ ಇರುತ್ತದೆ. ತಟ್ಟೆ ಕೈಗೆ ಕೊಡುವಾಗ ಹೇಳುವಂಥದ್ದು: “ಖಾರ ಐತ್ರಿ, ನೋಡ್ಕೊಂಡು ತಿನ್ರಿ.” ಗಿರಾಕಿ ಒಂದು ಗಳಿಗೆ ಮಿರ್ಚಿಯನ್ನು ಮೇಲೆ ಕೆಳಗೆ ನೋಡಿ, “ಹೌದಾ? ಹಂಗಾದ್ರ ಇನ್ನೆರಡು ಹಾಕ್ರಿ” ಅನ್ನುತ್ತಾನೆ. ಬಂಡಿಯವನು ಕೊಟ್ಟದ್ದು ಎಚ್ಚರಿಕೆ, ಗಿರಾಕಿ ತಗೊಂಡದ್ದು ಜಾಹೀರಾತು. ನಮ್ಮೂರಲ್ಲಿ ‘ಖಾರ ಇಲ್ಲ, ಹೆದರಬೇಡ್ರಿ’ ಅನ್ನುವ ಮಿರ್ಚಿಯವನು ತಿಂಗಳೊಪ್ಪತ್ತಿನಲ್ಲಿ ಬಂಡಿ ಮುಚ್ಚಿ ಯಾವುದಾದರೂ ಜೀನ್ಸ್ ಹೊಲಿಯುವ ಕಡೆ ಸೇರಿಕೊಳ್ಳಬೇಕಾಗುತ್ತದೆ. ನನ್ನ ಅನುಮಾನ ಶುರುವಾದದ್ದು ಇಲ್ಲಿಂದಲೇ. ಎಚ್ಚರಿಕೆಯನ್ನು ಹೆರುವವನು ಒಬ್ಬ, ಅದಕ್ಕೆ ಹೆಸರಿಡುವವನು ಇನ್ನೊಬ್ಬ.

ನಾಯಿ ಬೋರ್ಡಿನ ವಿಷಯ ತೆಗೆದುಕೊಳ್ಳಿ. ಗಾಂಧಿನಗರ, ನೆಹರೂ ಕಾಲೊನಿಯ ಕಡೆ ಹೋದರೆ ಗೇಟಿಗೊಂದು ‘ನಾಯಿ ಇದೆ, ಎಚ್ಚರಿಕೆ’. ಒಳಗೆ ಹೋಗಿ ನೋಡಿದರೆ ನಾಯಿ ಸತ್ತು ಎಷ್ಟೋ ಕಾಲವಾಗಿರುತ್ತದೆ. ಬೋರ್ಡು ಚೆನ್ನಾಗಿದೆ, ತೆಗೆಯುವುದ್ಯಾಕೆ ಅಂತ ಬಿಟ್ಟಿರುತ್ತಾರೆ. ಕೌಲ್ ಬಜಾರಿನ ಸಂದಿಗಳಲ್ಲಿ ಬೋರ್ಡು ಇಲ್ಲ, ಹೊಸ್ತಿಲಿಗೆ ಅಡ್ಡಲಾಗಿ ನಾಯಿ ಮಲಗಿರುತ್ತದೆ. ನೀವು ಒಂದು ಕಾಲು ಎತ್ತಿ ನಿಂತಿರುವಾಗ ಒಳಗಿನಿಂದ ದನಿ ಬರುತ್ತದೆ, “ಬರ್ರಿ ಬರ್ರಿ, ಏನೂ ಮಾಡಲ್ಲ ಅದು.” ನಾನು ಕೇಳಿದ ಎಚ್ಚರಿಕೆಗಳಲ್ಲೆಲ್ಲಾ ಎದೆ ಝಲ್ಲೆನ್ನಿಸುವಂಥದ್ದು ಇದೊಂದೇ. ಆ ಮಾತು ನಮಗೆ ಕೇಳಿಸುತ್ತದೆ, ನಾಯಿಗೆ ಕೇಳಿಸಿದೆಯೋ ಇಲ್ಲವೋ ಅದರ ಮುಖದಲ್ಲಿ ಗೊತ್ತಾಗುವುದಿಲ್ಲ.

ಗೇಟಿನ ಬೋರ್ಡುಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ದಯವಿಟ್ಟು ಇಲ್ಲಿ ಗಾಡಿ ನಿಲ್ಲಿಸಬೇಡಿ’ ಅಂತ ಬರೆದ ಮನೆಯ ಮುಂದೆ ಗಾಡಿಗಳ ಜಾತ್ರೆ. ‘ದಯವಿಟ್ಟು’ ಕಂಡ ಕೂಡಲೇ ನಮ್ಮ ಜನಕ್ಕೆ ತಿಳಿಯುತ್ತದೆ, ಮನೆ ಯಜಮಾನರು ಮೇಷ್ಟ್ರು ಇರಬೇಕು, ಬೈಯಲಿಕ್ಕೆ ಬರುವುದಿಲ್ಲ. ‘ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು’ ಅಂತ ಬರೆದಿದ್ದರೆ ಆ ಗೇಟು ಬಿಟ್ಟು ಪಕ್ಕದ ಮನೆಯ ಮುಂದೆ ನಿಲ್ಲಿಸುತ್ತಾರೆ. ಏನೂ ಬರೆಯದೆ ಒಬ್ಬ ಮುದುಕಿ ಕುರ್ಚಿ ಹಾಕಿಕೊಂಡು ಕೂತಿದ್ದರೆ ಆ ಬೀದಿಯಲ್ಲೇ ನಿಲ್ಲಿಸುವುದಿಲ್ಲ.

ಬರೆದದ್ದನ್ನು ಅಕ್ಷರಕ್ಷರ ಪಾಲಿಸಿದವರು ಯಾರಾದರೂ ಇದ್ದರೆ ಅದು ದೆವ್ವ. ಒಂದು ಕಾಲಕ್ಕೆ ಕರ್ನಾಟಕದ ಊರೂರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದು ನೆನಪಿರಬೇಕು. ರಾತ್ರಿ ಹೊತ್ತು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಅನ್ನುವ ಸುದ್ದಿ. ಸುಣ್ಣದಲ್ಲಿ, ಇದ್ದಿಲಲ್ಲಿ, ಸೀಮೆಸುಣ್ಣದಲ್ಲಿ ‘ನಾಳೆ ಬಾ’. ದೆವ್ವ ಬರುತ್ತಿತ್ತು, ಓದುತ್ತಿತ್ತು, ಹೋಗುತ್ತಿತ್ತು. ಮರುದಿನ ಮತ್ತೆ ಬಂದು ಅದನ್ನೇ ಓದಿ ಮತ್ತೆ ಹೋಗುತ್ತಿತ್ತು. ಕನ್ನಡ ಓದಲಿಕ್ಕೆ ಬರುವ, ಸರದಿ ತಪ್ಪಿಸದ, ಎದುರು ವಾದಿಸದ ಇಂಥ ನಾಗರಿಕರು ಆಮೇಲೆ ಹುಟ್ಟಲಿಲ್ಲ. ಇದೇ ಉಪಾಯವನ್ನು ಕಿರಾಣಿ ಅಂಗಡಿಯವರು ‘ಇಂದು ನಗದು, ನಾಳೆ ಉದ್ರಿ’ ಅಂತ ಬರೆದು ಪ್ರಯೋಗಿಸಿದರು. ದೆವ್ವಕ್ಕೆ ನಾಟಿದ ಬರಹ ಗಿರಾಕಿಗೆ ನಾಟಲಿಲ್ಲ. ಆ ಬೋರ್ಡಿಗೇ ಮೊಣಕೈ ಊರಿಕೊಂಡು ಉದ್ರಿ ಬರೆಸಿ ಬರುತ್ತಾರೆ.

ಬರೆದಿಡುವುದರ ಪ್ರಯೋಜನ ಏನು ಹಾಗಾದರೆ? ಪ್ರಯೋಜನ ಓದುವವನಿಗೆ ಅಂತ ತಿಳಿದದ್ದೇ ನಮ್ಮ ತಪ್ಪು. ಬಳ್ಳಾರಿ ಕೋಟೆಯ ಕಥೆ ಗೊತ್ತಲ್ಲ. ಹದಿನೆಂಟನೇ ಶತಮಾನದಲ್ಲಿ ಊರು ಕೈಗೆ ಬಂದ ಮೇಲೆ ಹೈದರಾಲಿ ಒಬ್ಬ ಫ್ರೆಂಚ್ ಇಂಜಿನಿಯರನನ್ನು ಇಟ್ಟುಕೊಂಡು ಕೋಟೆಯನ್ನು ಭದ್ರ ಮಾಡಿಸಿದ. ಕಲ್ಲು ಗುಡ್ಡ, ಕಡಿದಾದ ಗೋಡೆ, ಎಲ್ಲ ಮುಗಿಯಿತು. ಆಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಇನ್ನೂ ಎತ್ತರ. ಅಲ್ಲಿ ಒಂದು ತೋಪು ಏರಿಸಿದರೆ ಕೋಟೆಯೊಳಗೆ ಯಾರು ಅನ್ನ ಉಣ್ಣುತ್ತಿದ್ದಾರೆ, ಯಾರು ಮಜ್ಜಿಗೆ ಕುಡಿಯುತ್ತಿದ್ದಾರೆ ಅಂತ ನೋಡಿ ಹೊಡೆಯಬಹುದು. ಹೈದರ್ ಆ ಇಂಜಿನಿಯರನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೆ ಹಾಕಿಸಿದ ಅಂತ ಊರಿನ ಮಾತು. ಕಥೆಯಲ್ಲಿ ಎಷ್ಟು ನಿಜವೋ, ಪಾಠ ಮಾತ್ರ ನಮ್ಮ ಕಾಲದವರಿಗೆ ಚೆನ್ನಾಗಿ ಹತ್ತಿದೆ. ಆ ಮನುಷ್ಯ ನಕ್ಷೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಪಕ್ಕದ ಗುಡ್ಡದ ಎತ್ತರಕ್ಕೆ ನಾವು ಜವಾಬ್ದಾರರಲ್ಲ’ ಅಂತ ಒಂದು ಸಾಲು ಬರೆದು ಸಹಿ ಮಾಡಿಸಿಕೊಂಡಿದ್ದರೆ ಕುತ್ತಿಗೆ ಉಳಿಯುತ್ತಿತ್ತು.

ಈಗಿನವರು ಆ ತಪ್ಪು ಮಾಡುವುದಿಲ್ಲ. ಮ್ಯೂಚುವಲ್ ಫಂಡಿನ ಜಾಹೀರಾತಿನಲ್ಲಿ ಮಗಳ ಮದುವೆ, ಮಗನ ಓದು, ಕಡಲ ಕರೆಯ ಮನೆ ಎಲ್ಲವನ್ನೂ ನಿಧಾನವಾಗಿ ಜೇನು ಸುರಿದಂತೆ ಹೇಳಿ, ‘ಮಾರುಕಟ್ಟೆಯ ಅಪಾಯಕ್ಕೆ ಒಳಪಟ್ಟಿವೆ’ ಅನ್ನುವ ಭಾಗಕ್ಕೆ ಬಂದಾಗ ಹೇಳುವವನಿಗೆ ಹಠಾತ್ತನೆ ರೈಲು ತಪ್ಪುವ ಅವಸರ. ‘ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನಿಗೆ ನಾವು ಹೊಣೆಯಲ್ಲ’, ‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’, ‘ಚಪ್ಪಲಿಗೆ ಭಕ್ತರೇ ಜವಾಬ್ದಾರರು’. ಎಚ್ಚರಿಕೆ ಅಂತ ಕರೆಸಿಕೊಳ್ಳುವ ಇವೆಲ್ಲ ಜಾಮೀನು ಅರ್ಜಿಗಳು.

ಹೆದರಿಸಿಯೇ ತೀರುತ್ತೇನೆ ಅಂತ ನಿಜವಾಗಿ ಹೊರಟದ್ದು ತಂಬಾಕಿನ ಪೊಟ್ಟಣ. 2009ರ ಮೇ 31ರಿಂದ ಅದರ ಮೇಲೆ ಚಿತ್ರ ಬಂತು. 2016ರ ಏಪ್ರಿಲ್‌ನಿಂದ ಆ ಚಿತ್ರ ಪೊಟ್ಟಣದ ಶೇ 85ರಷ್ಟು ಜಾಗ ನುಂಗಿತು. ಉಳಿದ ಮೂಲೆಯಲ್ಲಿ ಕಂಪನಿಯ ಹೆಸರು ಮುದುಡಿ ಕೂತಿದೆ. ಪಾನ್ ಅಂಗಡಿಯ ಮುಂದೆ ನಿಂತು ನೋಡಿ. ಒಬ್ಬ ಗಿರಾಕಿ ಪೊಟ್ಟಣ ಕೈಗೆ ತೆಗೆದುಕೊಂಡು ಮುಖ ಸಿಂಡರಿಸಿ, “ಈ ಫೋಟೋ ಬ್ಯಾಡಣ್ಣ, ಬ್ಯಾರೆ ಫೋಟೋದ್ದು ಕೊಡು” ಅನ್ನುತ್ತಾನೆ. ಕಾಯಿಲೆಯನ್ನೂ ಸೀರೆ ಆರಿಸಿದ ಹಾಗೆ ಆರಿಸುವ ಜಾತಿ ನಮ್ಮದು. ಬಹುಪಾಲು ಜನ ಕೊಳ್ಳುವುದು ಒಂದೊಂದೇ ಬಿಡಿ ಸಿಗರೇಟು. ಬಿಡಿ ಸಿಗರೇಟಿನ ಮೇಲೆ ಚಿತ್ರವಿಲ್ಲ. ಪೊಟ್ಟಣ ಅಂಗಡಿಯವನ ಹತ್ತಿರವೇ ಉಳಿಯುತ್ತದೆ. ದಿನವಿಡೀ ಆ ಭಯಂಕರ ಚಿತ್ರ ನೋಡಿಕೊಂಡು ಕೂರುವವನು ಪಾಪ, ಆ ಅಂಗಡಿಯವನು. ಎಷ್ಟೋ ಸಲ ಅವನು ಸಿಗರೇಟು ಮುಟ್ಟದವನೇ ಆಗಿರುತ್ತಾನೆ.

ಬಾಯಿಮಾತಿನ ಎಚ್ಚರಿಕೆಗೂ ಜಾಮೀನಿನ ಗುಣ ಇದೆ ಅನ್ನುವುದಕ್ಕೆ ನಮ್ಮ ಮನೆತನದ ಒಬ್ಬ ಮಾವ ಸಾಕು. ಯಾವ ಕೆಲಸಕ್ಕೆ ಕೈ ಹಾಕಿದರೂ “ನೋಡಪ್ಪಾ, ವಿಚಾರ ಮಾಡು” ಅಂತ ಒಂದು ಮಾತು ಎಸೆದಿಡುತ್ತಾರೆ. ಯಾಕೆ, ಏನು ಅಂತ ಬಿಡಿಸಿ ಹೇಳುವುದಿಲ್ಲ. ಸೈಟು ತಗೊಂಡರೂ ‘ವಿಚಾರ ಮಾಡು’, ಬಿಟ್ಟರೂ ‘ವಿಚಾರ ಮಾಡು’. ಕೆಟ್ಟಿತೋ, ಮೂರನೇ ದಿನಕ್ಕೆ ಬಂದು ಕಾಲು ಚಾಚಿ ಕೂತು, ಕಾಫಿ ಬರುವವರೆಗೆ ಸುಮ್ಮನಿದ್ದು, “ನಾನು ಅವತ್ತೇ ಹೇಳಿದ್ದೆ” ಅನ್ನುತ್ತಾರೆ. ಆಗ ಅವರ ಮುಖದಲ್ಲಿ ಮೂಡುವ ಕಳೆಯನ್ನು ನೋಡಿದರೆ ನಷ್ಟವಾದದ್ದಕ್ಕೆ ನಮಗೇ ಒಂದು ಥರ ಸಮಾಧಾನ. ಒಬ್ಬರಿಗಾದರೂ ಸುಖವಾಯಿತಲ್ಲ.

ಈ ಊರುಗಳಿಗೆ ಉಪದೇಶ ಹೊಸದಲ್ಲ. ಸಿರುಗುಪ್ಪ ಸೀಮೆಯ ನಿಟ್ಟೂರಿನಲ್ಲಿ, ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಬಂಡೆಯ ಮೇಲೆ ‘ಅಶೋಕ’ ಅಂತ ಹೆಸರೇ ಕೆತ್ತಿರುವ ಜಾಗಗಳು ದೇಶದಲ್ಲೇ ಬೆರಳೆಣಿಕೆಯಷ್ಟು. ಮಸ್ಕಿ, ಗುಜ್ಜರಾ ಬಿಟ್ಟರೆ ನಮ್ಮ ಇವೆರಡು. ತಂದೆತಾಯಿ ಮಾತು ಕೇಳಿ, ಹಿರಿಯರಿಗೆ ತಗ್ಗಿ ನಡೆಯಿರಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ ಅನ್ನುವ ಧಾಟಿ. ಗುತ್ತಿ ಹತ್ತಿರದ ಎರ್ರಗುಡಿಯ ಬಂಡೆಯಲ್ಲಿ ಇನ್ನೂ ಒಂದು ವಿವರ ಇದೆ: ಅಧಿಕಾರಿ ಇದನ್ನು ಜನಕ್ಕೆ ಭೇರಿ ಹೊಡೆಸಿ ತಿಳಿಸಬೇಕು. ಅಂದರೆ ನಮ್ಮ ಡಂಗುರಕ್ಕೆ 2,200 ವರ್ಷದ ಮೇಲೆ ವಯಸ್ಸು. ಆ ಎರ್ರಗುಡಿ ಶಾಸನದ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಕೆತ್ತಿವೆ ಅನ್ನುವುದು ನನಗೆ ಬಹಳ ಪ್ರೀತಿಯ ಸಂಗತಿ. ಸರ್ಕಾರಿ ಸೂಚನೆಯನ್ನು ಓದಿದರೆ ಅರ್ಥವಾಗಬಾರದು ಅನ್ನುವ ಪದ್ಧತಿಯನ್ನೂ ಚಕ್ರವರ್ತಿಯ ಕಾಲದಲ್ಲೇ ಶುರು ಮಾಡಿದ್ದಾರೆ!

ಕುರುಗೋಡಿನ ಕಡೆ ಬಂದರೆ ಧಾಟಿ ಬದಲಾಗುತ್ತದೆ. ಅಲ್ಲಿ ಸಿಂದರು ಆಳಿದರು, ಗುಡಿ ಕಟ್ಟಿಸಿದರು, ದಾನ ಕೊಟ್ಟರು, ಕಲ್ಲಿನಲ್ಲಿ ಬರೆಸಿದರು. ನಮ್ಮ ನಾಡಿನ ದಾನಶಾಸನಗಳ ಕೊನೆಗೆ ಒಂದು ಬೈಗುಳದ ಭಾಗ ಇರುತ್ತದೆ. ಈ ಭೂಮಿಯನ್ನು ಕಿತ್ತುಕೊಂಡವನು ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, 60,000 ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ‘ಅತಿಕ್ರಮಿಸಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು’ ಎಂಬ ಇವತ್ತಿನ ತಗಡಿನ ಬೋರ್ಡು ಇದರ ಮುಂದೆ ಎಷ್ಟು ಸಪ್ಪೆ! ಆದರೂ ಒಂದು ಲೆಕ್ಕ ನನ್ನ ತಲೆ ತಿನ್ನುತ್ತದೆ. ಶಾಸನದಿಂದ ಶಾಸನಕ್ಕೆ ಅದೇ ಶಾಪ ಬಿಡದೆ ಬಂದಿದೆ ಅಂದರೆ, ಕಿತ್ತುಕೊಳ್ಳುವವರೂ ಬಿಡದೆ ಬಂದಿದ್ದಾರೆ ಅಂತ ತಾನೇ? ಯಾರೂ ಮುಟ್ಟದ ಭೂಮಿಗೆ ಇಷ್ಟು ಹುಳ ಯಾಕೆ ಬೇಕಿತ್ತು? ಕುರುಗೋಡಿನ ದೊಡ್ಡ ಬಸವಣ್ಣ ಮಾತ್ರ ಈ ಯಾವ ಬರಹದ ಹಂಗಿಲ್ಲದೆ ಬೆಟ್ಟದಂಥ ಮೈ ಹೊತ್ತು ಕೂತಿದ್ದಾನೆ. ಅವನನ್ನು ಯಾರೂ ಕಿತ್ತುಕೊಂಡು ಹೋಗಲಿಲ್ಲ. ಭಾರ ಇದ್ದರೆ ಶಾಪ ಬೇಡ.

ಇನ್ನು ಹೊಳೆಯ ಮಾತು. ಎಚ್ಚರಿಕೆ ಅನ್ನುವ ಪದಾರ್ಥವನ್ನು ಅರೆದು ಕುಡಿದವರು ಸಿರುಗುಪ್ಪ, ಕಂಪ್ಲಿ ಕಡೆಯ ತುಂಗಭದ್ರೆ ದಂಡೆಯ ಜನ. ಮಳೆಗಾಲದಲ್ಲಿ ಮೇಲೆ ಮಲೆನಾಡಿನಲ್ಲಿ ಸುರಿದರೆ ಹೊಸಪೇಟೆಯ ಅಣೆಕಟ್ಟೆಯಿಂದ ಕೆಳಗೆ ಸೂಚನೆ ಬರುತ್ತದೆ: ನದಿಗೆ ಇಷ್ಟು ಕ್ಯುಸೆಕ್ ಬಿಡಲಾಗುವುದು, ನದಿಪಾತ್ರದ ಜನ ಜಾಗ್ರತೆಯಿಂದಿರಬೇಕು. ಡಂಗುರದವನ ಜಾಗಕ್ಕೆ ಮೈಕು ಕಟ್ಟಿದ ಆಟೊ ಬಂದಿದೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಈ ಲೆಕ್ಕವನ್ನು ದಂಡೆಯ ಮುದುಕನ ಮುಂದೆ ಒಪ್ಪಿಸಿದರೆ ಅವನು ಬೀಡಿ ಹಚ್ಚಿಕೊಂಡು ಕೇಳುವುದು ಎರಡೇ: “ಹಂಪ್ಯಾಗ ಪುರಂದರ ಮಂಟಪ ಮುಣುಗೇತೇನು? ಕಂಪ್ಲಿ ಸೇತುವಿ ಬಂದ್ ಆತೇನು?” ಮಂಟಪ ಮುಳುಗಿದರೆ ಪಂಪ್‌ಸೆಟ್ಟು ಬಿಚ್ಚಬೇಕು. ಸೇತುವೆ ಮುಚ್ಚಿದರೆ ದನ ಬಿಚ್ಚಬೇಕು. ಅವನ ಹತ್ತಿರ ಮಾಪನ ಇರುವುದು ಕಲ್ಲಿನಲ್ಲಿ, ಕ್ಯುಸೆಕ್ಕಿನಲ್ಲಿ ಅಲ್ಲ.

ಪೇಟೆಯವರ ಮಾತು ಬೇರೆ. ‘ನದಿಯ ಕಡೆ ಯಾರೂ ಹೋಗಬಾರದು’ ಅಂತ ಮೈಕು ಕೂಗಿ ಹೋದ ಅರ್ಧ ಗಂಟೆಗೆ ನದಿಯ ಕಡೆ ಜಾತ್ರೆ. ಬೈಕಿನ ಮೇಲೆ ಗಂಡ, ಹೆಂಡತಿ, ನಡುವೆ ಎರಡು ಕೂಸು. ನೀರು ಬಂದಿದೆ ಅನ್ನುವ ಸುದ್ದಿ ಅವರಿಗೆ ತಲುಪಿದ್ದೇ ಆ ಮೈಕಿನಿಂದ. ಪೊಲೀಸರು ಬ್ಯಾರಿಕೇಡ್ ತಂದು ಅಡ್ಡ ಇಟ್ಟರೆ, ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಅಂತ ಗೊತ್ತುಪಡಿಸಿಕೊಟ್ಟಂತಾಯಿತು. ಬ್ಯಾರಿಕೇಡಿಗೆ ಕೈ ಊರಿ ಸೆಲ್ಫಿ. ಕಡಲೆಕಾಯಿಯವನು ಬರುತ್ತಾನೆ. ಹಿಂದೆಯೇ ಮಿರ್ಚಿ ಬಂಡಿಯೂ ಬರುತ್ತದೆ.

2024ರ ಆಗಸ್ಟ್ 10ರ ರಾತ್ರಿ ಮಾತ್ರ ಎಚ್ಚರಿಕೆ ತಿರುವುಮುರುವಾಯಿತು. ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು, ಗೇಟು ನೀರಿನ ಜೊತೆ ಕೊಚ್ಚಿಹೋಯಿತು. 1953ರಿಂದ ನೀರು ಹಿಡಿದು ನಿಂತ ಕಟ್ಟೆಯಲ್ಲಿ ಇಂಥದ್ದು ಆಗಿರಲಿಲ್ಲ. ಆ ಒಂದು ಕಿಂಡಿಯಿಂದಲೇ 35,000 ಕ್ಯುಸೆಕ್ ಹೊರಗೆ. ಕಟ್ಟೆಯ ಮೇಲಿನ ಒತ್ತಡ ಇಳಿಸಲಿಕ್ಕೆ ಉಳಿದ ಗೇಟುಗಳನ್ನೂ ಎತ್ತಿದರು. ಟಿವಿಗಳಲ್ಲಿ ಕೆಂಪು ಪಟ್ಟಿ, ‘ಆತಂಕ’ ಎಂಬ ಮಾತು ನಿಮಿಷಕ್ಕೆ ಹತ್ತು ಸಲ. ಬಳ್ಳಾರಿಯಲ್ಲಿ ಕೂತು ಅದನ್ನು ನೋಡಿದ ನಾನು ಸಿರುಗುಪ್ಪದಲ್ಲಿರುವ ಸೋದರತ್ತೆಗೆ ಫೋನ್ ಹಚ್ಚಿದೆ.

“ಅತ್ತೆ, ನೀರು ಬಿಟ್ಟಾರಂತ, ಹುಷಾರು.”

“ಬಿಟ್ಟಾರಪ್ಪಾ, ನಮ್ಮ ನೀರೇ ಬಿಟ್ಟಾರ.”

“ಅದಲ್ಲ ಅತ್ತೆ, ಮನಿ ತನ ಬರ್ತೈತೇನೋ…”

“ಮನಿ ತನ ಬಂದ್ರ ಬರ್ಲಿ, ಎರಡು ದಿನ ಇದ್ದು ಹೋಗ್ತೈತಿ. ಗದ್ದಿ ತನ ಬರಲ್ಲಲ್ಲ, ಅದನ್ನ ಹೇಳು.”

ಫೋನ್ ಇಟ್ಟ ಮೇಲೆ ನನಗೆ ತಲೆಗೆ ಹತ್ತಿತು. ನಮಗೆ ಟಿವಿಯವರು ಕೊಡುತ್ತಿದ್ದದ್ದು ನೀರು ಬರುವ ಎಚ್ಚರಿಕೆ. ಭತ್ತದ ಸೀಮೆಗೆ ಅದೇ ಸುದ್ದಿ ನೀರು ಹೋಗುವ ಎಚ್ಚರಿಕೆ. ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿರುವ ಜಲಾಶಯ ಆ ವಾರ ತುಂಬಿ ನಿಂತಿತ್ತು. ಕಿಂಡಿ ಮುಚ್ಚಬೇಕಾದರೆ ಅದನ್ನು ಖಾಲಿ ಮಾಡುತ್ತಾ ಬರಬೇಕು. ಎರಡನೇ ಬೆಳೆಯ ನೀರು ಮೊದಲನೇ ಬೆಳೆ ಕಾಲೂರುವ ಮುಂಚೆಯೇ ಆಂಧ್ರದ ಕಡೆ ಓಡುತ್ತಿತ್ತು. ಅತ್ತೆಯ ಬೀದಿಯಲ್ಲಿ ಆ ವಾರ ಪ್ರವಾಹದ ಬಗ್ಗೆ ಮಾತಾಡಿದವರು ಕಡಿಮೆ. ಮಾತಾಡಿದ್ದು ಡಿಸೆಂಬರಿನ ಬಗ್ಗೆ, ಸಾಲದ ಬಗ್ಗೆ, ಈ ಸಲ ಮಿಲ್ಲಿನವರು ಏನನ್ನುತ್ತಾರೋ ಎಂಬುದರ ಬಗ್ಗೆ. 

ಆಮೇಲೆ ಕನ್ನಯ್ಯ ನಾಯ್ಡು ಎಂಬ ಗೇಟು ತಜ್ಞರು ಬಂದದ್ದು, ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಕಿಂಡಿ ಮುಚ್ಚಿದ್ದು, ಮಳೆ ಮತ್ತೆ ಕೈಹಿಡಿದು ಕಟ್ಟೆ ಮರಳಿ ತುಂಬಿದ್ದು ಎಲ್ಲ ನಿಮಗೆ ಗೊತ್ತು. ಉಳಿದ ಗೇಟುಗಳೂ ಮುದಿಯಾಗಿವೆ ಅನ್ನುವ ಕಾರಣಕ್ಕೆ ಮರುವರ್ಷ ನೀರನ್ನು 80 ಟಿಎಂಸಿಯ ಸುಮಾರಿಗೇ ತಡೆದರು. ಅತ್ತೆ ಈಗ ಆ 19ನೇ ಗೇಟನ್ನು ಮನೆಯ ಹಿರಿಯನ ಹಾಗೆ ನೆನೆಯುತ್ತಾರೆ. “ಅದೊಂದೇ ನೋಡಪ್ಪಾ, ಹೇಳಿದ್ದನ್ನ ಮಾಡಿ ತೋರ್ಸಿದ್ದು.”

ಎಚ್ಚರಿಕೆ ಕೊಡುವವನೇ ಅರ್ಥ ಹೇಳದೆ ಜಾಗ ಖಾಲಿ ಮಾಡುವ ಪದ್ಧತಿಯೂ ನಮ್ಮಲ್ಲಿದೆ. 2021ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಮೈಲಾರದಲ್ಲಿ ಭರತ ಹುಣ್ಣಿಮೆಯ ಸುಮಾರಿಗೆ ಕಾರಣಿಕ. ಉಪವಾಸ ಮಾಡಿದ ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ’ ಅಂದರೆ ಲಕ್ಷಾಂತರ ಜನ ಗಪ್‌ಚಿಪ್. ಒಂದೇ ಸಾಲು ನುಡಿದು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅವನ ಕೆಲಸ ಮುಗಿಯಿತು. ನಮ್ಮದು ಶುರು. ಆ ಸಾಲಿನಲ್ಲಿ ರೈತ ಮಳೆ ಹುಡುಕುತ್ತಾನೆ, ಅಡಿಕೆ ವ್ಯಾಪಾರಿ ದರ ಹುಡುಕುತ್ತಾನೆ, ಶಾಸಕರ ಹಿಂಬಾಲಕರು ಮಂತ್ರಿಗಿರಿ ಹುಡುಕುತ್ತಾರೆ. ಮೋತಿ ಸರ್ಕಲ್ಲಿನ ಚಹಾ ಅಂಗಡಿಯಲ್ಲಿ ಒಂದು ಕಾರಣಿಕಕ್ಕೆ ಯುಗಾದಿಯವರೆಗೆ ಆಯುಷ್ಯ. ನಿಜವಾದರೆ ಗೊರವಯ್ಯ ಹೇಳಿದ್ದ, ಸುಳ್ಳಾದರೆ ನಾವು ತಪ್ಪು ತಿಳಿದಿದ್ದೆವು. ನನ್ನ ಮಾವ ಇದನ್ನು ಎಲ್ಲಿ ಕಲಿತರು ಅಂತ ಈಗ ಹೊಳೆಯುತ್ತಿದೆ.

ಬಿಸಿಲಿನ ಎಚ್ಚರಿಕೆಯ ಬಗ್ಗೆ ನಾಲ್ಕು ಮಾತಿಗಿಂತ ಹೆಚ್ಚು ಬೇಡ, ಅದಕ್ಕೂ ಶಕ್ತಿ ಇಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತವೆ. ‘ಮಧ್ಯಾಹ್ನ ಹೊರಗೆ ಬರಬೇಡಿ’ ಅಂತ ಪತ್ರಿಕೆಯಲ್ಲಿ ಪ್ರಕಟಣೆ. ಅದನ್ನು ಕೋಟೆ ಗುಡ್ಡದ ಹಲ್ಲಿಗೆ ಓದಿ ಹೇಳಬೇಕು. ಬಳ್ಳಾರಿಯವರಿಗೆ ಹೇಳಿದರೆ, “ಇನ್ನಾ ಬಿಸ್ಲೇ ಬಂದಿಲ್ಲಲ್ರೀ” ಅನ್ನುತ್ತಾರೆ.

ಇಡೀ ರಾಜ್ಯ ಒಟ್ಟಿಗೆ ಒಂದು ಎಚ್ಚರಿಕೆಯನ್ನು ಓದಿದ್ದು ನನಗೆ ತಿಳಿದಂತೆ ಒಂದೇ ಸಲ. 2023ರ ಅಕ್ಟೋಬರಿನಲ್ಲಿ ಒಂದು ದಿನ ಎಲ್ಲರ ಮೊಬೈಲು ಏಕಕಾಲಕ್ಕೆ ಕಿರುಚಿಕೊಂಡಿತು. ಬ್ರೂಸ್‌ಪೇಟೆಯಲ್ಲಿ ಒಬ್ಬಾತ ಫೋನನ್ನು ಅಕ್ಕಿ ಚೀಲದ ಮೇಲೆ ಎಸೆದು ದೂರ ನಿಂತ. ತೆರೆದು ನೋಡಿದರೆ, ಇದು ದೂರಸಂಪರ್ಕ ಇಲಾಖೆಯ ಪರೀಕ್ಷಾ ಸಂದೇಶ, ಇದನ್ನು ನಿರ್ಲಕ್ಷಿಸಿ. ನಿರ್ಲಕ್ಷಿಸಿ ಅಂತ ಬರೆದಿತ್ತಲ್ಲ, ಅದಕ್ಕೇ ಒಬ್ಬರೂ ನಿರ್ಲಕ್ಷಿಸಲಿಲ್ಲ. ಸಂಜೆಯವರೆಗೆ ಊರಲ್ಲಿ ಅದೇ ಮಾತು. ಮುಂದೆ ನಿಜವಾದ ಅಪಾಯ ಬಂದಾಗಲೂ ಹೀಗೇ ಬರೆದು ಕಳಿಸಿದರೆ ಜನ ಉಳಿಯುತ್ತಾರೆ ಅಂತ ನನ್ನ ನಮ್ರ ಸಲಹೆ.

ರಸ್ತೆಗೆ ಇಳಿದರೆ ಬರಹ ಮುಗಿಯಿತು, ಅಲ್ಲಿ ಸಂಜ್ಞೆಯ ರಾಜ್ಯ. ಮಳೆ ಬಂದಾಗ ದುರ್ಗಮ್ಮ ಗುಡಿ ಹತ್ತಿರದ ರೈಲ್ವೆ ಕೆಳಸೇತುವೆಯಲ್ಲಿ ನೀರು ಎಷ್ಟಿದೆ ಅಂತ ತಿಳಿಯಲು ನಾವು ಯಾವ ಫಲಕವನ್ನೂ ಓದುವುದಿಲ್ಲ. ಮುಂದೆ ಹೋದ ಆಟೊ ಎಲ್ಲಿ ನಿಂತಿತು ಅಂತ ನೋಡುತ್ತೇವೆ. ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರುವುದಿಲ್ಲ, ಆದರೆ ಗಾಳಿಯಲ್ಲಿ ಹುಲ್ಲಿನ ಎಸಳು ಹಾರಿ ಮುಖಕ್ಕೆ ಬಡಿದರೆ ಮುಂದೆ ಟ್ರ್ಯಾಕ್ಟರ್ ಇದೆ ಅಂತ ತಿಳಿದು ಬ್ರೇಕಿಗೆ ಕಾಲು ಹೋಗುತ್ತದೆ. ಲಾರಿ ಕೆಟ್ಟು ನಿಂತರೆ ಹಿಂದೆ ನಾಲ್ಕು ಕಲ್ಲು, ಕಲ್ಲಿಗೆ ಸಿಕ್ಕಿಸಿದ ಒಂದು ಟೊಂಗೆ. ಇಷ್ಟು ಸ್ಪಷ್ಟವಾದ, ಭಾಷೆ ಬಾರದವನಿಗೂ ತಿಳಿಯುವ, ಮೂರು ಕಾಸು ಖರ್ಚಿಲ್ಲದ ಎಚ್ಚರಿಕೆ ಲೋಕದಲ್ಲಿ ಇನ್ನೊಂದಿಲ್ಲ. ಒಂದೇ ಕೊರತೆ: ಲಾರಿ ಹೋಗುತ್ತದೆ, ಕಲ್ಲು ಹೋಗುವುದಿಲ್ಲ. ಕತ್ತಲಲ್ಲಿ ಎಷ್ಟು ಬೈಕಿನವರು ಬಿದ್ದಿದ್ದಾರೋ, ಲಾರಿಗೆ ಗುದ್ದಿ ಬಿದ್ದವರಿಗಿಂತ ಅದರ ಎಚ್ಚರಿಕೆಗೆ ಗುದ್ದಿ ಬಿದ್ದವರೇ ಜಾಸ್ತಿ ಇರಬೇಕು.

ಸುಗ್ಗಿಯ ಹೊತ್ತಿಗೆ ಸಿರುಗುಪ್ಪದಿಂದ ಬಾಡಿಗೆ ಗಾಡಿಯಲ್ಲಿ ಬರುತ್ತಿದ್ದೆ. ಡ್ರೈವರು ಇದೇ ಕಲ್ಲಿನ ಮೇಲೆ ಭಾಷಣ ಬಿಗಿದಿದ್ದ. “ಮನುಷ್ಯರೇನ್ರೀ ಇವ್ರು? ಇಟ್ಟ ಕಲ್ಲು ತೆಗೀಬೇಕಂತ ತಿಳಿಯಂಗಿಲ್ಲೇನು? ಹಿಂದ ಬರೋರಿಗೂ ಹೆಂಡ್ರು ಮಕ್ಳು ಇರ್ತಾರಲ್ರೀ.” ನಾನು ಹೂಂಗುಟ್ಟುತ್ತಿದ್ದೆ. ತೆಕ್ಕಲಕೋಟೆ ದಾಟಿದ ಮೇಲೆ ಹಿಂದಿನ ಟೈರು ಉಸ್ಸೆಂದಿತು. ಅವನು ಇಳಿದು, ಹೊಲದ ಬದುವಿನಿಂದ ತಲೆಗಾತ್ರದ ಕಲ್ಲು ಹೊತ್ತು ತಂದು ಗಾಡಿಯ ಹಿಂದೆ ಸಾಲಾಗಿ ಇಟ್ಟ. ಬಳ್ಳಾರಿ ಜಾಲಿಯ ಒಂದು ಮುಳ್ಳು ಟೊಂಗೆ ಮುರಿದು ಚೊಕ್ಕಟವಾಗಿ ಸಿಗಿಸಿದ. ಸ್ಟೆಪ್ನಿ ಹಾಕಿದ, ಕೈ ಒರೆಸಿಕೊಂಡ, ಗಾಡಿ ಚಾಲೂ ಮಾಡಿದ.

“ಅಲ್ಲಪ್ಪಾ, ಕಲ್ಲು?” ಅಂದೆ.

ಕನ್ನಡಿಯಲ್ಲಿ ಒಮ್ಮೆ ನೋಡಿ ಗೇರು ಹಾಕಿದ. “ಇರ್ಲಿ ಬಿಡ್ರಿ ಸಾರ್, ಹಿಂದ ಬರೋರಿಗೆ ಯಾರಿಗಾದ್ರೂ ಬೇಕಾಗ್ತಾವು.”